ದಂಡ ಸರಕಾರಕ್ಕೆ, ನಷ್ಟ ನಮಗೆ

ಹಂದನಕೆರೆ ಹೋಬಳಿಯ ರೈತನೊಬ್ಬ ಹತ್ತು ಹನ್ನೆರಡು ತಿಂಗಳು ಅಟ್ಟದ ಮೇಲೆ ಕಾದಿಟ್ಟ ಕಾಯಿ ಸುಲಿದು, ಉಂಡೆ ಕೊಬ್ಬರಿ ಮಾಡಿ ತಿಪಟೂರು ಮಾರುಕಟ್ಟೆಗೆ ಒಯ್ದಾಗ ಅವನಿಗೆ ಕೆಲವು ವಿಷಯಗಳಾದರೂ ಗೊತ್ತಿರುತ್ತವೆ. ಮಾಲು ತನ್ನದು. ಅದು ಇಂತಹವರ ಮಂಡಿಯಲ್ಲಿದೆ. ಇಷ್ಟು ಚೀಲ, ಇಷ್ಟು ತೂಕ. ಟೆಂಡರಿನಲ್ಲಿ ಇಂತಹವರು ಇಷ್ಟು ಬರೆದರು, ಇಂತಹವರ ಪಾಲಾಯಿತು. ಬೆಲೆ ಕುಸಿದಿರಬಹುದು. ವರ್ತಕರನ್ನೂ ಸರಕಾರವನ್ನೂ ಒಟ್ಟಿಗೆ ಶಪಿಸುತ್ತಾ ಅವನು ಬಸ್ಸು ಹತ್ತಬಹುದು. ಆದರೆ ಮಾರಿದವನು ತಾನು, ಹಣ ಬರಬೇಕಾದದ್ದು ತನಗೆ ಎಂಬುದರಲ್ಲಿ ಯಾರಿಗೂ ಸಂಶಯವಿರುವುದಿಲ್ಲ.

ಅದೇ ರೈತ ಧಾರಣೆ ಎಷ್ಟಾಗಿದೆ ನೋಡೋಣವೆಂದು ಮೊಬೈಲಿನಲ್ಲಿ ಒಂದು ಪುಟ ತೆರೆಯುತ್ತಾನೆ. ಪುಟ ಮೂಡುವ ಒಂದೆರಡು ಸೆಕೆಂಡುಗಳಲ್ಲಿ ಇನ್ನೊಂದು ಹರಾಜು ನಡೆದು ಮುಗಿದಿರುತ್ತದೆ. ಈ ಹರಾಜಿನಲ್ಲಿ ಮಾಲು ಕೊಬ್ಬರಿಯಲ್ಲ, ಅವನೇ. ಅವನು ಯಾವ ಊರಿನ ಆಸುಪಾಸಿನಲ್ಲಿದ್ದಾನೆ, ಯಾವ ಫೋನು ಹಿಡಿದಿದ್ದಾನೆ, ನಿನ್ನೆ ಏನು ಹುಡುಕಿದ, ಮೊನ್ನೆ ಯಾವ ಸಾಲದ ಬಗ್ಗೆ ಓದಿದ ಎಂಬ ವಿವರಗಳು ಜಾಹೀರಾತು ಕಂಪೆನಿಗಳ ಮುಂದೆ ಹೋಗುತ್ತವೆ. ಈ ಮನುಷ್ಯನ ಕಣ್ಣ ಮುಂದೆ ನಮ್ಮ ಜಾಹೀರಾತು ಬರಬೇಕೆಂದು ಯಂತ್ರಗಳು ಕೂಗುತ್ತವೆ. ಹೆಚ್ಚು ಕೂಗಿದವನಿಗೆ ಸಿಗುತ್ತದೆ. ಸೋತವರೂ ಬರಿಗೈಯಲ್ಲಿ ಹೋಗುವುದಿಲ್ಲ, ಮಾಲಿನ ವಿವರವನ್ನು ನೋಡಿಕೊಂಡೇ ಹೋಗಿರುತ್ತಾರೆ. ಇದರಲ್ಲಿ ಒಂದು ಪೈಸೆಯೂ ಬರದ, ಹರಾಜು ನಡೆಯಿತೆಂಬುದೇ ತಿಳಿಯದ ಏಕೈಕ ವ್ಯಕ್ತಿಯೆಂದರೆ ನಮ್ಮ ಹಂದನಕೆರೆಯ ರೈತ.

ಇದು ಹೇಗೆ ನಡೆಯುತ್ತದೆ? ತಾಂತ್ರಿಕ ವಿಷಯವೆಂದು ಹೆದರುವ ಅಗತ್ಯವಿಲ್ಲ. 1994ರಲ್ಲಿ ನೆಟ್‌ಸ್ಕೇಪ್ ಕಂಪೆನಿಯ ಎಂಜಿನಿಯರ್ ಲೂ ಮೊಂಟುಲಿ ಎಂಬವರು 'ಕುಕಿ' ಎಂಬುದನ್ನು ರೂಪಿಸಿದರು. ಜಾಲತಾಣವು ನಮ್ಮ ಯಂತ್ರದಲ್ಲಿ ಇಟ್ಟುಹೋಗುವ ಪುಟ್ಟ ಚೀಟಿ ಅದು. ಅಂಗಡಿಗೆ ಮತ್ತೆ ಹೋದಾಗ 'ಇವರು ನಿನ್ನೆ ಬಂದಿದ್ದರು' ಎಂದು ಗುರುತಿಸುವುದಕ್ಕೆ ಅದು ಬೇಕಾಗಿತ್ತು. ಅದರಲ್ಲಿ ತಪ್ಪೇನಿಲ್ಲ, ನಮ್ಮೂರಿನ ಕಿರಾಣಿ ಅಂಗಡಿಯವನೂ ಗಿರಾಕಿಯನ್ನು ನೆನಪಿಟ್ಟುಕೊಳ್ಳುತ್ತಾನೆ. ಆದರೆ ಆಮೇಲೆ ಏನಾಯಿತೆಂದರೆ, ನಾವು ಹೋದ ಅಂಗಡಿಯವನಲ್ಲದೆ ನಾವು ಕಂಡರಿಯದ ಮೂರನೆಯವರೂ ನಮ್ಮ ಜೇಬಿಗೆ ಚೀಟಿ ತುರುಕತೊಡಗಿದರು. ಪುಟದಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಒಂದು ಚುಕ್ಕಿ ಚಿತ್ರ ಇರುತ್ತದೆ. ಅದಕ್ಕೆ ಪಿಕ್ಸೆಲ್ ಎನ್ನುತ್ತಾರೆ. ಅದು ಬರುವುದು ಬೇರೆಯದೇ ಕಂಪೆನಿಯ ಗಣಕಯಂತ್ರದಿಂದ. ಅದನ್ನು ತರಿಸಿಕೊಳ್ಳುವಾಗ ನಾವು ಯಾವ ಪುಟದಲ್ಲಿದ್ದೇವೆಂಬ ಸುದ್ದಿ ಆ ಕಂಪೆನಿಗೆ ಮುಟ್ಟುತ್ತದೆ. ಆಸ್ಪತ್ರೆಯ ಪುಟದಲ್ಲೂ ಅದೇ ಚುಕ್ಕಿ, ಪತ್ರಿಕೆಯ ಪುಟದಲ್ಲೂ ಅದೇ ಚುಕ್ಕಿ, ಮದುವೆ ಸಂಬಂಧ ಹುಡುಕುವ ಪುಟದಲ್ಲೂ ಅದೇ ಚುಕ್ಕಿ. ಮೂರೂ ಕಡೆ ಹೋದವನು ಒಬ್ಬನೇ ಎಂದು ಹೊಲಿದು ಜೋಡಿಸುವುದು ಕಷ್ಟವಲ್ಲ. ಮೊಬೈಲ್ ಆ್ಯಪ್‌ಗಳಲ್ಲಿ ಇದೇ ಕೆಲಸಕ್ಕೆ ಬೇರೆ ಉಪಕರಣಗಳಿವೆ, ಅವು ನಾವಿರುವ ಜಾಗವನ್ನೂ ಹೇಳಬಲ್ಲವು. ಇಂತಹ ಮೂರನೆಯವರ ಕುಕಿಗಳನ್ನು ತನ್ನ ಕ್ರೋಮ್‌ನಿಂದ ತೆಗೆದುಹಾಕುತ್ತೇನೆಂದು ಗೂಗಲ್ 2020ರಲ್ಲಿ ಘೋಷಿಸಿತು. ದಿನಾಂಕವನ್ನು ಮುಂದೂಡುತ್ತಾ ಬಂದು 2024ರ ಜುಲೈಯಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಜಾಹೀರಾತಿನಿಂದಲೇ ಬದುಕುವ ಕಂಪೆನಿಯಿಂದ ಬೇರೇನನ್ನು ನಿರೀಕ್ಷಿಸೋಣ?

ಇಷ್ಟು ಹೇಳಿದೊಡನೆ ಬರುವ ಉತ್ತರ ನಮಗೆ ಗೊತ್ತು. 'ನಮ್ಮ ಹತ್ತಿರ ಬಚ್ಚಿಡುವಂಥದ್ದು ಏನಿದೆ? ನೋಡಿದರೆ ನೋಡಿಕೊಳ್ಳಲಿ.' ಹೀಗೆ ಹೇಳುವವರ ಮನೆಗೂ ಬಾಗಿಲಿದೆ, ಬಚ್ಚಲಿಗೆ ಚಿಲಕವಿದೆ. ಕಳ್ಳತನ ಮಾಡುತ್ತಿದ್ದೇವೆಂದು ನಾವು ಚಿಲಕ ಹಾಕುವುದಿಲ್ಲ. ಮಗಳಿಗೆ ಗಂಡು ನೋಡುತ್ತಿರುವ ವಿಷಯ, ಹೆಂಡತಿಯ ಕಾಯಿಲೆ, ತೋಟದ ಮೇಲೆ ಎತ್ತಬೇಕೆಂದಿರುವ ಸಾಲ, ಇವೆಲ್ಲ ಅಪರಾಧಗಳಲ್ಲ. ಆದರೂ ಹಂದನಕೆರೆಯ ಸಂತೆಯಲ್ಲಿ ನಿಂತು ಯಾರೂ ಇವನ್ನು ಕೂಗಿ ಹೇಳುವುದಿಲ್ಲ. ಸಾಲ ಬೇಕಾದವನ ಕಷ್ಟ ಯಾರಿಗೆ ಮೊದಲು ತಿಳಿಯುತ್ತದೋ ಅವನೇ ಬಡ್ಡಿ ನಿಗದಿ ಮಾಡುತ್ತಾನೆ ಎಂಬುದು ಹಳ್ಳಿಯವರಿಗೆ ಹೊಸ ಪಾಠವಲ್ಲ. ಸಾಲದ ಆ್ಯಪ್‌ಗಳು ಜನರ ಫೋನಿನಲ್ಲಿದ್ದ ಹೆಸರು ನಂಬರುಗಳನ್ನೂ ಫೋಟೋಗಳನ್ನೂ ಬಾಚಿಕೊಂಡು, ಕಂತು ತಪ್ಪಿದವರ ಮಾನವನ್ನು ನೆಂಟರಿಷ್ಟರ ಮುಂದೆ ಹರಾಜು ಹಾಕಿದ್ದರಿಂದಲೇ ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಲ್ಲಿ, ಸಂಪರ್ಕ ಪಟ್ಟಿಗೂ ಕರೆಗಳ ದಾಖಲೆಗೂ ಕೈ ಹಾಕಕೂಡದೆಂದು ನಿಯಮ ಮಾಡಬೇಕಾಯಿತು.

ನಮ್ಮ ಓದುಗರಲ್ಲಿ ಅನೇಕರು ನಮಾಝಿನ ಸಮಯ ಮತ್ತು ಕಿಬ್ಲಾದ ದಿಕ್ಕು ತಿಳಿಯಲು ಮೊಬೈಲ್ ಆ್ಯಪ್ ಬಳಸುತ್ತಾರೆ. ಸಮಯ ಹೇಳಬೇಕಾದರೆ ನಾವಿರುವ ಜಾಗ ಆ ಆ್ಯಪ್‌ಗೆ ಗೊತ್ತಾಗಬೇಕು, ಇದು ನ್ಯಾಯವೇ. 2020ರ ನವೆಂಬರ್‌ನಲ್ಲಿ ಅಮೆರಿಕದ ಮದರ್‌ಬೋರ್ಡ್ ಎಂಬ ಪತ್ರಿಕೆ ಒಂದು ವರದಿ ಪ್ರಕಟಿಸಿತು. ಕೋಟಿಗಟ್ಟಲೆ ಜನ ಇಳಿಸಿಕೊಂಡಿದ್ದ 'ಮುಸ್ಲಿಮ್ ಪ್ರೊ' ಆ್ಯಪ್‌ನಿಂದ ಬಳಕೆದಾರರ ಜಾಗದ ಮಾಹಿತಿ ಎಕ್ಸ್-ಮೋಡ್ ಎಂಬ ದಲ್ಲಾಳಿ ಕಂಪೆನಿಗೆ ಹೋಗುತ್ತಿತ್ತು, ಆ ಕಂಪೆನಿಯ ಗಿರಾಕಿಗಳಲ್ಲಿ ಅಮೆರಿಕದ ಸೇನೆಯ ಗುತ್ತಿಗೆದಾರರೂ ಇದ್ದರು ಎಂಬುದು ಅದರ ಸಾರ. ಸೇನೆಗೆ ತಾವು ಮಾರಿಲ್ಲವೆಂದ ಆ್ಯಪ್‌ನವರು ದಲ್ಲಾಳಿಯ ಸಂಬಂಧ ಕಡಿದುಕೊಂಡರು. 2024ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಸೂಕ್ಷ್ಮ ಸ್ಥಳಗಳಿಗೆ ಹೋಗಿಬರುವವರ ಮಾಹಿತಿಯನ್ನು ಮಾರಕೂಡದೆಂದು ಆ ದಲ್ಲಾಳಿ ಕಂಪೆನಿಗೆ ಆದೇಶಿಸಿತು. ಫಜ್ರ್‌ನ ಹೊತ್ತಿಗೆ ಎದ್ದವನು ಯಾವ ಊರಿನಲ್ಲಿ ಎದ್ದ ಎಂಬುದು ಸರಕಾಗಿಬಿಟ್ಟಿತಲ್ಲ! ಇದನ್ನು ಒಂದು ಸಮುದಾಯದ ದೂರೆಂದು ಬದಿಗಿಡಬೇಡಿ. ಮಠಕ್ಕೆ ಹೋದವನ, ಚರ್ಚಿಗೆ ಹೋದವನ, ರೈತ ಸಂಘದ ಧರಣಿಯಲ್ಲಿ ಕುಳಿತವನ ಜಾಗವೂ ಅದೇ ಫೋನಿನಲ್ಲೇ ಇದೆ.

ಹೊರದೇಶಗಳಲ್ಲಿ ಗ್ರಾಹಕರು ಏನು ಮಾಡುತ್ತಿದ್ದಾರೆ? ಕೋರ್ಟಿಗೆ ಹೋಗುತ್ತಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ ಕದ್ದು ಟೆಲಿಫೋನ್ ಕೇಳುವವರ ವಿರುದ್ಧ 1967ರಲ್ಲಿ ಮಾಡಿದ ಒಂದು ಕಾಯ್ದೆಯಿದೆ. ಅಂತರ್ಜಾಲ ಹುಟ್ಟುವ ಮೊದಲೇ ಬಂದ ಆ ಕಾಯ್ದೆಯನ್ನು ಹಿಡಿದು ಅಲ್ಲಿನವರು ಪಿಕ್ಸೆಲ್‌ಗಳ ಮೇಲೆ ಮೊಕದ್ದಮೆ ಹೂಡುತ್ತಿದ್ದಾರೆ. ಮಹಿಳೆಯರು ಮುಟ್ಟಿನ ದಿನಗಳನ್ನು ಬರೆದಿಡುವ 'ಫ್ಲೋ' ಎಂಬ ಆ್ಯಪ್‌ನಿಂದ ವಿವರಗಳು ಫೇಸ್‌ಬುಕ್‌ಗೆ ಹೋಗುತ್ತಿದ್ದ ಪ್ರಕರಣದಲ್ಲಿ, 2025ರ ಆಗಸ್ಟ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಜ್ಯೂರಿಯು ಮೆಟಾ ಕಂಪೆನಿ ಇದೇ ಹಳೆಯ ಕಾಯ್ದೆಯನ್ನು ಮುರಿದಿದೆಯೆಂದು ತೀರ್ಮಾನಿಸಿತು. 'ಗುಪ್ತ' ಕಿಟಕಿಯಲ್ಲೂ ಹಿಂಬಾಲಿಸಿದ್ದಕ್ಕಾಗಿ 2020ರಲ್ಲಿ ಹೂಡಿದ ಮೊಕದ್ದಮೆಯನ್ನು ಮುಗಿಸಲು ಗೂಗಲ್ 2024ರಲ್ಲಿ ನೂರಾರು ಕೋಟಿ ದಾಖಲೆಗಳನ್ನು ಅಳಿಸಲು ಒಪ್ಪಿತು. ಯುರೋಪಿನ ಒಂದು ತೀರ್ಪು ಇನ್ನೂ ಚೆನ್ನಾಗಿದೆ. ಯುರೋಪಿಯನ್ ಕಮಿಷನ್‌ನದೇ ಜಾಲತಾಣದಲ್ಲಿ ಜರ್ಮನಿಯ ಒಬ್ಬ ನಾಗರಿಕ ಫೇಸ್‌ಬುಕ್ ಮೂಲಕ ಪ್ರವೇಶಿಸುವ ಗುಂಡಿ ಒತ್ತಿದಾಗ ಅವನ ಐಪಿ ವಿಳಾಸ ಅಮೆರಿಕಕ್ಕೆ ಹೋಯಿತು. 2025ರ ಜನವರಿಯಲ್ಲಿ ಅಲ್ಲಿನ ನ್ಯಾಯಾಲಯ ಅವನಿಗೆ 400 ಯೂರೊ ಕೊಡಿರೆಂದು ಕಮಿಷನ್‌ಗೇ ಹೇಳಿತು. ಕಾನೂನು ಮಾಡಿದವನೇ ಕಾನೂನಿಗೆ ತಲೆಬಾಗಿ, ಒಬ್ಬ ಸಾಮಾನ್ಯ ಮನುಷ್ಯನ ಕೈಗೆ ದುಡ್ಡು ಕೊಡಬೇಕಾಗಿ ಬಂತು.

ಅಮೆರಿಕದ ಪದ್ಧತಿಯನ್ನು ನಾವು ತಲೆ ಮೇಲೆ ಹೊತ್ತು ಕುಣಿಯುವುದಿಲ್ಲ. ಕೇಂಬ್ರಿಜ್ ಅನಾಲಿಟಿಕಾ ಹಗರಣದಲ್ಲಿ ಫೇಸ್‌ಬುಕ್ 72.5 ಕೋಟಿ ಡಾಲರ್ ಕೊಡಲು ಒಪ್ಪಿತು. ಸುಮಾರು ಕಾಲು ಭಾಗ ವಕೀಲರ ಪಾಲಾಯಿತು, ಅರ್ಜಿ ಹಾಕಿದ ಒಬ್ಬೊಬ್ಬರಿಗೆ ಸರಾಸರಿ ಮೂವತ್ತು ಡಾಲರ್ ಆಸುಪಾಸು ಬಂತು. ಅಲ್ಲಿ ಇದೇ ಒಂದು ಉದ್ಯಮವಾಗಿದೆ ಎಂಬ ಟೀಕೆಯಲ್ಲಿ ಹುರುಳಿದೆ. ಆದರೂ ಮೂವತ್ತು ಡಾಲರ್ ಸೊನ್ನೆಯಲ್ಲ. ನಮ್ಮದು ಸೊನ್ನೆ.

ಹೇಗೆ ಸೊನ್ನೆಯಾಯಿತು ಎಂಬ ಕಥೆಯನ್ನು ಕನ್ನಡಿಗರು ವಿಶೇಷವಾಗಿ ತಿಳಿದಿರಬೇಕು. ಏಕೆಂದರೆ ಖಾಸಗಿತನ ಮೂಲಭೂತ ಹಕ್ಕೆಂದು ಈ ದೇಶಕ್ಕೆ ದೊರಕಿಸಿಕೊಟ್ಟ ಅರ್ಜಿದಾರ ನಮ್ಮವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯ ವಿರುದ್ಧ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿದಾಗ ಅವರಿಗೆ 86 ವರ್ಷ. ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ಕೇಂದ್ರ ಸರಕಾರ ವಾದಿಸಿತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿದರು. 2024ರ ಅಕ್ಟೋಬರ್‌ನಲ್ಲಿ 98ನೆಯ ವಯಸ್ಸಿನಲ್ಲಿ ಪುಟ್ಟಸ್ವಾಮಿಯವರು ತೀರಿಕೊಂಡರು. ಅವರ ಹೆಸರಿನ ತೀರ್ಪು ಕಾನೂನು ಕಾಲೇಜುಗಳಲ್ಲಿ ಪಾಠವಾಗಿದೆ. ನಮ್ಮ ಶಾಲೆಗಳಲ್ಲಿ ಅವರ ಹೆಸರು ಹೇಳಬಲ್ಲ ಮಕ್ಕಳೆಷ್ಟು ಎಂದು ಕೇಳಿದರೆ ಉತ್ತರ ಸಂತೋಷ ಕೊಡಲಾರದು.

ತೀರ್ಪಿನ ನಂತರ ಕಾನೂನು ಬರಬೇಕಿತ್ತು. ಮುಂಬಯಿ ಗಲಭೆಗಳ ತನಿಖಾ ವರದಿಯ ಮೂಲಕ ನಮ್ಮ ಓದುಗರಿಗೆ ಚಿರಪರಿಚಿತರಾದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಸಮಿತಿ 2018ರ ಜುಲೈಯಲ್ಲಿ ಕರಡು ಕೊಟ್ಟಿತು. ಮಾಹಿತಿಯ ದುರ್ಬಳಕೆಯಿಂದ ಹಾನಿಗೊಳಗಾದವನು ಪರಿಹಾರ ಕೇಳಬಹುದೆಂದು ಅದರಲ್ಲಿತ್ತು. 2019ರಲ್ಲಿ ಸರಕಾರ ಸಂಸತ್ತಿನಲ್ಲಿ ಮಂಡಿಸಿದ ಮಸೂದೆಯಲ್ಲೂ ಇತ್ತು. 2022ರ ಆಗಸ್ಟ್‌ನಲ್ಲಿ ಆ ಮಸೂದೆಯನ್ನೇ ಹಿಂದೆಗೆದುಕೊಂಡರು. 2023ರ ಆಗಸ್ಟ್‌ನಲ್ಲಿ ಅಂಗೀಕಾರವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ನೋಡಿದರೆ ಪರಿಹಾರದ ಸೆಕ್ಷನ್ ಮಾಯ!

ಹೊಸ ಕಾಯ್ದೆಯಲ್ಲಿ ದಂಡವಿದೆ, ಇಲ್ಲವೆನ್ನುವುದಿಲ್ಲ. ಮಾಹಿತಿಯನ್ನು ಸುರಕ್ಷಿತವಾಗಿ ಇಡದ ಕಂಪೆನಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. ಪತ್ರಿಕೆಗಳಲ್ಲಿ ದಪ್ಪ ಅಕ್ಷರಗಳಲ್ಲಿ ಬಂದದ್ದು ಈ ಅಂಕಿಯೇ. 34ನೆಯ ಸೆಕ್ಷನ್ ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ. ಆ ದಂಡದ ಹಣವೆಲ್ಲ ಭಾರತದ ಸಂಚಿತ ನಿಧಿಗೆ, ಅಂದರೆ ಸರಕಾರದ ಖಜಾನೆಗೆ ಹೋಗುತ್ತದೆ. ಮಾಹಿತಿ ಸೋರಿದ್ದು ಹಂದನಕೆರೆಯವನದು, ಅದರಿಂದ ಮೋಸದ ಕರೆ ಬಂದು ಖಾತೆ ಬರಿದಾದದ್ದು ಅವನದು, ದಂಡ ಮಾತ್ರ ದಿಲ್ಲಿಯದು! ನಿಮ್ಮ ತೋಟದ ಕಾಯಿ ಕದ್ದವನಿಂದ ದಂಡ ವಸೂಲು ಮಾಡಿದ ಸರಕಾರ ಕಾಯಿಯನ್ನೂ ಕೊಡದೆ, ಕಾಯಿಯ ಬೆಲೆಯನ್ನೂ ಕೊಡದೆ, 'ನ್ಯಾಯ ಸಿಕ್ಕಿತಲ್ಲ, ಇನ್ನು ಮನೆಗೆ ಹೋಗು' ಎಂದರೆ ಹೇಗಿರುತ್ತದೆ? ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಕಾಯ್ದೆಯ 15ನೆಯ ಸೆಕ್ಷನ್ ನಾಗರಿಕನಿಗೂ ಕರ್ತವ್ಯಗಳನ್ನು ವಿಧಿಸುತ್ತದೆ. ಸುಳ್ಳು ಅಥವಾ ಕ್ಷುಲ್ಲಕ ದೂರು ಕೊಟ್ಟರೆ ಅವನಿಗೆ 10,000 ರೂಪಾಯಿವರೆಗೆ ದಂಡ. ಗೆದ್ದರೆ ಏನೂ ಇಲ್ಲ, ಸೋತರೆ ದಂಡದ ಭಯ. ಇಂತಹ ಪಂದ್ಯಕ್ಕೆ ಯಾವ ರೈತ ಇಳಿಯುತ್ತಾನೆ?

ಹಳೆಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಸೆಕ್ಷನ್‌ನಲ್ಲಿ ಪರಿಹಾರದ ಒಂದು ಸಣ್ಣ ಕಿಂಡಿಯಿತ್ತು. ಪಾಸ್‌ವರ್ಡ್, ಬ್ಯಾಂಕ್ ವಿವರ, ಆರೋಗ್ಯ, ಬೆರಳಚ್ಚಿನಂತಹ ಕೆಲವೇ ಸೂಕ್ಷ್ಮ ಮಾಹಿತಿಗಳಿಗೆ ಅದು ಅನ್ವಯ. ಯಾವ ಪುಟ ನೋಡಿದಿರಿ, ಎಲ್ಲಿ ಹೋದಿರಿ ಎಂಬುದು ಆ ಪಟ್ಟಿಯಲ್ಲೇ ಇಲ್ಲ. ಇರಲಿ, ಕಿಂಡಿಯಾದರೂ ಇತ್ತಲ್ಲ. ಹೊಸ ಕಾಯ್ದೆ ಅದನ್ನೂ ಮುಚ್ಚುತ್ತದೆ.

ಈಗ ದಿನಾಂಕಗಳನ್ನು ಗಮನಿಸಿ. 2025ರ ನವೆಂಬರ್‌ನಲ್ಲಿ ನಿಯಮಗಳನ್ನು ಪ್ರಕಟಿಸಿದ ಕೇಂದ್ರ ಸರಕಾರ ಕಾಯ್ದೆಯನ್ನು ಕಂತು ಕಂತಾಗಿ ಜಾರಿಗೆ ತಂದಿತು. ಒಪ್ಪಿಗೆ ಕೇಳಬೇಕು, ನೋಟಿಸ್ ಕೊಡಬೇಕು, ಕೇಳಿದರೆ ಮಾಹಿತಿ ಅಳಿಸಬೇಕು ಎಂಬ, ನಾಗರಿಕನಿಗೆ ಬೇಕಾದ ಸೆಕ್ಷನ್‌ಗಳಿಗೆ ಆ ಅಧಿಸೂಚನೆ ಕೊಟ್ಟ ಗಡುವು ಹದಿನೆಂಟು ತಿಂಗಳು, ಅಂದರೆ 2027ರ ಮೇ. ಕಂಪೆನಿಗಳಿಗೆ ಸಿದ್ಧರಾಗಲು ಸಮಯ ಬೇಡವೇ ಎಂದರು. ಆದರೆ ಅದೇ ಕಾಯ್ದೆಯಲ್ಲಿ ಮಾಹಿತಿ ಹಕ್ಕು ಕಾಯ್ದೆಯನ್ನು ತಿದ್ದುವ ಒಂದು ಉಪಸೆಕ್ಷನ್ ಇತ್ತು. ಅದು ಕೂಡಲೇ ಜಾರಿಗೆ ಬಂತು, ಒಂದು ದಿನವೂ ಕಾಯಬೇಕಾಗಿ ಬರಲಿಲ್ಲ. 'ವೈಯಕ್ತಿಕ ಮಾಹಿತಿ' ಎಂದು ಹೇಳಿ ಅಧಿಕಾರಿ ಇನ್ನು ಉತ್ತರ ನಿರಾಕರಿಸುವುದು ಬಹಳ ಸುಲಭ. ನಾಫೆಡ್ ಖರೀದಿ ಕೇಂದ್ರದಲ್ಲಿ ರೈತರ ಹೆಸರಿನಲ್ಲಿ ಬೇರೆಯವರು ಕೊಬ್ಬರಿ ಮಾರಿದರು ಎಂಬ ದೂರು ನಮ್ಮ ಕಡೆ ಹಳೆಯದು. ಯಾರ ಹೆಸರಿನಲ್ಲಿ ಎಷ್ಟು ಕ್ವಿಂಟಾಲ್ ಬರೆಯಲಾಗಿದೆ ಎಂದು ಕೇಳಿದವನಿಗೆ ನಾಳೆ 'ಅದು ಖಾಸಗಿ' ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ. ಸಾರ್ವಜನಿಕ ಹಿತವಿದ್ದರೆ ಕೊಡಬಹುದೆಂಬ 8(2) ಸೆಕ್ಷನ್ ಇದೆಯಲ್ಲ ಎಂದು ಸರಕಾರ ಹೇಳುತ್ತದೆ. ಕೊಡಬಹುದು, ನಿಜ. ಕೊಡಲೇಬೇಕೆಂದು ಬಯಸುವ ಅಧಿಕಾರಿಯನ್ನು ಎಲ್ಲಿಂದ ತರುವುದು? ಅಕ್ರಮ ಎಸಗಿದವನ ಖಾಸಗಿತನ ಇಂದೇ ಜಾರಿ, ನಮ್ಮದು 2027ಕ್ಕೆ!

ಸರಕಾರಗಳ ಕೈಯಲ್ಲಿ ನಮ್ಮ ಮಾಹಿತಿ ಭದ್ರ ಎನ್ನುವವರಿಗೆ 2022ರ ಬೆಂಗಳೂರನ್ನು ನೆನಪಿಸಬೇಕು. ಮತದಾರರಲ್ಲಿ ಜಾಗೃತಿ ಮೂಡಿಸುತ್ತೇವೆಂದು ಬಿಬಿಎಂಪಿಯಿಂದ ಅನುಮತಿ ಪಡೆದ ಚಿಲುಮೆ ಎಂಬ ಸಂಸ್ಥೆಯವರು ಮತಗಟ್ಟೆ ಅಧಿಕಾರಿಗಳ ಸೋಗಿನಲ್ಲಿ ಮನೆ ಮನೆಗೆ ಹೋಗಿ ಜಾತಿ, ಭಾಷೆ, ಫೋನ್ ನಂಬರ್ ಮುಂತಾದವನ್ನು ಬರೆದುಕೊಂಡು ತಮ್ಮದೇ ಆ್ಯಪ್‌ಗೆ ತುಂಬಿಸಿದ್ದನ್ನು ಪತ್ರಕರ್ತರು ಬಯಲಿಗೆಳೆದರು. ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರದ ಪಟ್ಟಿಗಳನ್ನು ಮತ್ತೆ ಪರಿಶೀಲಿಸುವಂತೆ ಚುನಾವಣಾ ಆಯೋಗ ಆದೇಶಿಸಿತು, ಇಬ್ಬರು ಐಎಎಸ್ ಅಧಿಕಾರಿಗಳು ಅಮಾನತಾದರು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಕೋರ್ಟಿಗೆ ಹೋದರೆ ಏನೂ ಆಗುವುದಿಲ್ಲವೆಂದೂ ಅಲ್ಲ. ಕೊರೋನಾ ಕಾಲದ ಆರೋಗ್ಯ ಸೇತು ಆ್ಯಪ್‌ನ ಬಗ್ಗೆ ಬೆಂಗಳೂರಿನ ಒಬ್ಬ ತಂತ್ರಜ್ಞ ಹಾಕಿದ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟ್ 2021ರ ಜನವರಿ 25ರಂದು, ಬಳಕೆದಾರರ ತಿಳಿದುಕೊಟ್ಟ ಒಪ್ಪಿಗೆಯಿಲ್ಲದೆ ಅವರ ಆರೋಗ್ಯ ಮಾಹಿತಿಯನ್ನು ಇತರ ಇಲಾಖೆಗಳಿಗೆ ಹಂಚಕೂಡದೆಂದು ಮಧ್ಯಂತರ ಆದೇಶ ನೀಡಿತು.

ಒಪ್ಪಿಗೆ! ಕಂಪೆನಿಗಳ ಇಡೀ ಕೋಟೆ ನಿಂತಿರುವುದು ಈ ಪದದ ಮೇಲೆ. 'ನೀವೇ ಒಪ್ಪಿಗೆಯ ಗುಂಡಿ ಒತ್ತಿದ್ದೀರಿ' ಎನ್ನುತ್ತಾರೆ. ಇಪ್ಪತ್ತು ಪುಟಗಳ ಇಂಗ್ಲಿಷ್, ಅದೂ ವಕೀಲರ ಇಂಗ್ಲಿಷ್, ಅಂಗೈಯಗಲದ ಪರದೆಯಲ್ಲಿ. ಒಪ್ಪದಿದ್ದರೆ ಮುಂದೆ ಹೋಗಲು ದಾರಿಯಿಲ್ಲ. ಇದನ್ನು ಒಪ್ಪಿಗೆ ಎನ್ನುವುದಾದರೆ ದರೋಡೆಕೋರನಿಗೆ ಕೈಯೆತ್ತಿದವನೂ ಒಪ್ಪಿದವನೇ. ಸಂತೆಯಲ್ಲಿ ತಕ್ಕಡಿಯ ಬಟ್ಟುಗಳಿಗೆ ಸರಕಾರದ ಮುದ್ರೆ ಇರಬೇಕೆಂದು ಕಾನೂನಿದೆ. 'ನನ್ನ ಕಿಲೋ ಒಂಬೈನೂರು ಗ್ರಾಮ್ ಎಂದು ಅಂಗಡಿಯ ಹಿಂದಿನ ಗೋಡೆಯಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದೆ, ಗಿರಾಕಿ ಓದಿಕೊಳ್ಳಬೇಕಿತ್ತು' ಎಂದು ಯಾವ ವ್ಯಾಪಾರಿಯೂ ಪಾರಾಗಲಾರ. ಕಳ್ಳ ತೂಕಕ್ಕೆ ಗಿರಾಕಿಯ ಒಪ್ಪಿಗೆ ಉತ್ತರವಲ್ಲವೆಂದು ನಾವು ಎಂದೋ ತೀರ್ಮಾನಿಸಿದ್ದೇವೆ. ಗುಪ್ತ ಹಿಂಬಾಲಿಕೆಯನ್ನೂ ಕಳ್ಳ ತೂಕದ ಸಾಲಿಗೆ ಸೇರಿಸಬೇಕೆಂಬುದು ನಮ್ಮ ವಾದ. ಹೊಸ ಕಾಯ್ದೆಯಲ್ಲೇ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ನೋಟಿಸ್ ಓದುವ ಅವಕಾಶ ಕೊಡಬೇಕೆಂದಿದೆ, ಅಂದರೆ ಕನ್ನಡದಲ್ಲೂ. ನಾಮಫಲಕಗಳ ಮೇಲೆ ಕನ್ನಡಕ್ಕಾಗಿ ಹೋರಾಡುವ ನಮ್ಮ ಸಂಘಟನೆಗಳು ಇದನ್ನೂ ಒಮ್ಮೆ ಕೈಗೆತ್ತಿಕೊಂಡರೆ ಒಳ್ಳೆಯದಿತ್ತು.

ಹಾಗಾದರೆ ಈಗ ದಾರಿಯೇ ಇಲ್ಲವೇ? ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಎಂಬುದೊಂದಿದೆ. ಗ್ರಾಹಕನು ವಿಶ್ವಾಸದಿಂದ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನುಬಾಹಿರವಾಗಿ ಇನ್ನೊಬ್ಬರಿಗೆ ತಿಳಿಸುವುದು ಅದರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪೆನಿ ಎಲ್ಲೇ ಇರಲಿ, ನಮಗೆ ತುಮಕೂರು ಸಾಕು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ. ಒಂದೇ ಬಗೆಯ ಅಹವಾಲು ಇರುವ ಹಲವರ ಪರವಾಗಿ ಆಯೋಗದ ಅನುಮತಿ ಪಡೆದು ಒಟ್ಟಾಗಿ ದೂರು ಕೊಡಲು 35ನೆಯ ಸೆಕ್ಷನ್‌ನಲ್ಲಿ ಅವಕಾಶವಿದೆ. ವಿಶೇಷ ಕಾನೂನು ಇದೆಯೆಂದ ಮಾತ್ರಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲವೆಂದು ಸುಪ್ರೀಮ್ ಕೋರ್ಟ್ 2022ರ ಫೆಬ್ರವರಿಯಲ್ಲಿ ಟೆಲಿಫೋನ್ ಕಂಪೆನಿಯೊಂದರ ಪ್ರಕರಣದಲ್ಲಿ ಹೇಳಿದೆ. 2023ರ ನವೆಂಬರ್‌ನ ಕೇಂದ್ರ ಮಾರ್ಗಸೂಚಿಯು ಸೇವೆ ಬೇಕಿದ್ದರೆ ಫೋನಿನ ಸಂಪರ್ಕ ಪಟ್ಟಿ ಕೊಡೆಂದು ಬಲವಂತ ಮಾಡುವುದನ್ನೂ ನಿಷಿದ್ಧ ತಂತ್ರಗಳಲ್ಲಿ ಸೇರಿಸಿದೆ. ಚಿಲ್ಲರೆ ವಿಷಯಕ್ಕೆ ಆಯೋಗ ಕಿವಿಗೊಡುತ್ತದೆಯೇ ಎಂದು ಅಳುಕಬೇಡಿ. ತನ್ನದೇ ಜಾಹೀರಾತಿರುವ ಚೀಲಕ್ಕೆ 20 ರೂಪಾಯಿ ಪಡೆದ ಐಕಿಯಾ ಕಂಪೆನಿಗೆ 2023ರಲ್ಲಿ ಬೆಂಗಳೂರಿನ ಆಯೋಗ ಆ 20 ರೂಪಾಯಿಯನ್ನೂ ಅದರ ಮೇಲೆ 3,000 ರೂಪಾಯಿಯನ್ನೂ ಗ್ರಾಹಕಳಿಗೆ ಕೊಡಲು ಆದೇಶಿಸಿತ್ತು.

ಒಂದು ತೊಡಕಿದೆ, ಮುಚ್ಚಿಡುವುದಿಲ್ಲ. ದುಡ್ಡು ಕೊಟ್ಟವನು ಮಾತ್ರ ಗ್ರಾಹಕ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆ ಗ್ರಾಹಕ ಕಾಯ್ದೆಯೊಳಗೆ ಬರುವುದಿಲ್ಲವೆಂದು ಸುಪ್ರೀಮ್ ಕೋರ್ಟ್ 1995ರಲ್ಲೇ ಹೇಳಿದೆ. 'ನಮ್ಮದು ಉಚಿತ ಸೇವೆ' ಎಂದು ಕಂಪೆನಿಗಳು ಇದರ ಹಿಂದೆ ಅಡಗುತ್ತವೆ. ಆದರೆ ಉಚಿತ ಆಸ್ಪತ್ರೆ ರೋಗಿಯನ್ನು ಮಾರುವುದಿಲ್ಲ. ನಮ್ಮ ಮಾಹಿತಿಯನ್ನು ಮಾರಿ ಹಣ ಮಾಡುವವರು ಉಚಿತವಾಗಿ ಕೊಟ್ಟೆವು ಎನ್ನುವುದು ಶುದ್ಧ ಸುಳ್ಳು. ಮಾಹಿತಿಯೂ ಪ್ರತಿಫಲವೇ ಎಂದು ಸಂಸತ್ತು ಒಂದು ಸಾಲಿನ ತಿದ್ದುಪಡಿ ತರಲಿ, ಕೈಬಿಟ್ಟ ಪರಿಹಾರದ ಸೆಕ್ಷನ್ ಮರಳಿ ಬರಲಿ. ತುಮಕೂರಿನ ಸಂಸದರು, ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಯ ಶಾಸಕರು ಕೊಬ್ಬರಿಯ ಬೆಂಬಲ ಬೆಲೆಗಾಗಿ ಎತ್ತುವ ದನಿಯಲ್ಲಿ ಕಾಲು ಭಾಗವನ್ನು ಇದಕ್ಕೂ ಎತ್ತಲಿ.

ಅಲ್ಲಿಯವರೆಗೆ, ದುಡ್ಡು ಕೊಟ್ಟು ಪಡೆದ ಸೇವೆಗಳಿಂದಲೇ ಆರಂಭಿಸಬೇಕು. ಆನ್‌ಲೈನ್‌ನಲ್ಲಿ ಕೊಂಡ ಮೋಟಾರು, ಕಟ್ಟಿದ ವಿಮೆ, ಮಕ್ಕಳ ಕೋಚಿಂಗ್ ಶುಲ್ಕ, ಇವುಗಳ ಬಿಲ್ಲನ್ನೂ, ಆಮೇಲೆ ಬಂದ ಅಪರಿಚಿತ ಕರೆಗಳ ದಿನಾಂಕವನ್ನೂ, ಒಪ್ಪಿಗೆ ಕೇಳಿದ ಪರದೆಯ ಚಿತ್ರವನ್ನೂ ಎತ್ತಿಡಿ. ಒಂದೇ ಕಂಪೆನಿಯಿಂದ ಹೀಗಾದವರು ಹೋಬಳಿಯಲ್ಲಿ ಹತ್ತು ಮಂದಿ ಸಿಕ್ಕರೆ ಸಾಮೂಹಿಕ ದೂರಿಗೆ ಸಾಕು. ದೂರು ಕೊಡಲು ಕಾಯ್ದೆ ನೀಡುವ ಅವಧಿ ಎರಡು ವರ್ಷ.